ಬೂಟಿನ ತುದಿಯಲ್ಲಿ ಹೆಬ್ಬೆರಳಷ್ಟು ಜಾಗ

ಜಾಗ ಇದೆ ಎಂದು ನಾನು ಹೇಳಿದೆ. ಇರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೋ ನನ್ನ ಕೈ ನನ್ನನ್ನೇ ಬಚಾವು ಮಾಡಲು ನೋಡುತ್ತದೆ.

ನಮ್ಮ ಓಣಿಯಲ್ಲಿ ಇವತ್ತಿಗೂ ನನ್ನನ್ನು ತಂಗಿಗಾಗಿ ಶಾಲೆ ಬಿಟ್ಟ ಅಕ್ಕ ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಶಾಲೆ ನಾನು ಬಿಡಲಿಲ್ಲ, ಬಿಡಿಸಿದರು. ಜಮಖಂಡಿ ಕಡೆಯಿಂದ ದುಡಿಯಲು ಬಂದು ಸಾಂಗ್ಲಿವಾಡಿಯಲ್ಲಿ ನಿಂತ ಮನೆ ನಮ್ಮದು. ನಾನು ನಾಲ್ಕನೆಯ ಇಯತ್ತೆ ಮುಗಿಸಿದಾಗ ತಂಗಿ ಆಗಷ್ಟೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಅವ್ವ ಕೂಲಿಗೆ ಹೋದಳು, ಕೂಸು ನನ್ನ ಸೊಂಟಕ್ಕೆ ಬಂತು. ಕೂಸು ಸೊಂಟದಿಂದ ಇಳಿದು ಶಾಲೆಗೆ ಹೋದ ಮೇಲೆ ನಾನು ದಿನಾ ಸೇತುವೆ ದಾಟಿ ಸಾಂಗ್ಲಿಯ ಅರಿಶಿನದ ಶೆಡ್ಡಿಗೆ ಹೋಗತೊಡಗಿದೆ. ಬೆಳಗಿನಿಂದ ಸಂಜೆಯ ತನಕ ಬರಿಗಾಲಲ್ಲಿ ಅರಿಶಿನದ ರಾಶಿಯ ಮೇಲೆ ನಿಂತು ಬೆರಳಿನಂಥ ಉದ್ದ ಕೊಂಬು ಬೇರೆ, ದುಂಡು ಗಡ್ಡೆ ಬೇರೆ ಮಾಡುವ ಕೆಲಸ. ಉಗುರಿನ ಸಂದಿಯ ಹಳದಿ ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ತಂಗಿ ಓಡುತ್ತಿದ್ದಳು. ಒಂಬತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಹೊಳೆ ದಂಡೆಯ ರಸ್ತೆಯಲ್ಲಿ ಬೆಳಿಗ್ಗೆ ಅವಳು ಓಡುವುದನ್ನು ನೋಡಲು ಹಾಲಿನ ಸೊಸೈಟಿಯ ಮುಂದೆ ಕ್ಯಾನು ಹಿಡಿದವರು ನಿಲ್ಲುತ್ತಿದ್ದರು. ಆಗ ಎಲ್ಲದಕ್ಕೂ ಸೊಸೈಟಿ. ಹಾಲಿಗೆ, ನೂಲಿಗೆ, ಕಬ್ಬಿಗೆ. ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯವರು ಹುಡುಗಿಯರಿಗಾಗಿ ಮಿರಜದಿಂದ ಸಾಂಗ್ಲಿಯ ತನಕ ಓಟ ಇಟ್ಟರು. ಮೊದಲು ಬಂದ ಐದು ಹುಡುಗಿಯರಿಗೆ ಕಾರ್ಖಾನೆಯ ಹಾಸ್ಟೆಲ್ಲಿನಲ್ಲಿ ಇರಲು ಜಾಗ, ಊಟ, ಮ್ಯಾಟ್ರಿಕ್ ಮುಗಿಯುವ ತನಕ ಶಾಲೆ. ಶಾಲೆಯಲ್ಲಿ ಆಟ ಕಲಿಸುವ ಟೀಚರು, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ತಂಗಿಯ ಹೆಸರು ಕೊಟ್ಟರು. ಕಾರ್ಖಾನೆಯಿಂದ ಬೂಟಿನ ಚೀಟಿಯೂ ಬಂತು, ಅಂಗಡಿಯಲ್ಲಿ ಕೊಟ್ಟರೆ ಒಬ್ಬಳಿಗೆ ಒಂದೇ ಜೋಡಿ.

ಶೆಡ್ಡಿನಲ್ಲಿ ಹೆಂಗಸರು ನಗುತ್ತಿದ್ದರು. “ತಂಗಿಗಿ ಬೂಟು, ಅಕ್ಕಗ ಬೂದಿ. ನೀನೂ ಓಡಿಬಿಡವಾ, ನಿನಗೂ ಕೊಡತಾರ.”

ನಾನೂ ನಕ್ಕೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಕಾಕಾ ಕನ್ನಡದವರು, ವಯಸ್ಸಾದವರು. ನಮ್ಮನ್ನು ನೋಡಿದ ಕೂಡಲೇ ಬೈದರು.

“ಈ ಹೊತ್ತಿನ್ಯಾಗ ಬೂಟು ತಗೊಳ್ಳಾಕ ಯಾರ ಬರತಾರ? ಸಂಜೀಕ ಬರಬೇಕು. ತಿರುಗ್ಯಾಡಿ ಕಾಲು ಊದಿರತಾವ, ಆವಾಗ ಖರೇ ಅಳತಿ ಸಿಗತದ.”

“ಸಂಜೀಕ ಶೆಡ್ಡಿನ್ಯಾಗ ನನಗ ಬಿಡೂದಿಲ್ರಿ, ಕಾಕಾ.”

“ಕಾಲಚೀಲ ಎಲ್ಲಿ?”

“ಮನ್ಯಾಗ ಅದಾವ್ರಿ,” ಎಂದಳು ತಂಗಿ.

“ಕಾಲಚೀಲ ಮನ್ಯಾಗಿಟ್ಟು ನೀನೊಬ್ಬಾಕಿನ ಓಡ್ತೀಯೇನ?”

ಬೈಯುತ್ತಲೇ ಕೆಳಗೆ ಕುಳಿತು ಅವಳ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಎರಡೂ ಅಂಗೈಯಲ್ಲಿ ಹಿಡಿದು ನೋಡಿದರು. ನನ್ನ ಕಾಲನ್ನು ಆ ತನಕ ಯಾರೂ ಹಾಗೆ ಹಿಡಿದಿರಲಿಲ್ಲ. ನನಗಾದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

“ಬರಿಗಾಲಲೆ ಬೆಳೆದ ಕಾಲು,” ಎಂದರು ಕಾಕಾ. “ಹಿಮ್ಮಡ ಸಣ್ಣದು, ಮುಂದ ಬೀಸಣಿಕಿ ಹಂಗ ಅಗಲ. ಉದ್ದಕ್ಕ ನಾಲ್ಕು ನಂಬರ ಸಾಕು, ಅಗಲಕ್ಕ ಐದು ಬೇಕು. ಐದು ನನ್ನ ಕಡೆ ಇಲ್ಲ. ಮಿರಜದಾಗ ನಮ್ಮ ತಮ್ಮನ ಅಂಗಡ್ಯಾಗ ಅದ. ನಾಳಿ ಹೋಗ್ರಿ.”

ನಾಳೆ ಹೋಗಬಹುದಿತ್ತು. ಸಿಟಿ ಬಸ್ಸು ಇತ್ತು. ಆದರೆ ಇವಳ ಕಾಲಿಗಾಗಿ ನಾನು ಮತ್ತೊಂದು ದಿನ ಶೆಡ್ಡಿನ ಮುಕಾದಮನ ಮುಂದೆ ಬಿಡುವು ಕೇಳಿ ಕೈಮುಗಿದು ನಿಲ್ಲಬೇಕೇ ಎಂದು ಸಿಟ್ಟು ಬಂತು.

“ನಾಲ್ಕ ಹಾಕಿ ನೋಡೂಣ್ರಿ,” ಎಂದೆ.

ಬಿಳಿ ಕ್ಯಾನ್ವಾಸಿನ ಬೂಟು. ಕಾಕಾ ಅವಳನ್ನು ಎಬ್ಬಿಸಿ ನಿಲ್ಲಿಸಿದರು. “ಕುಂತರ ಎಲ್ಲಾ ಬೂಟೂ ಬರೋಬರಿ ಆಗತಾವ. ನಿಂದ್ರು. ತುದಿಯೊಳಗ ಹೆಬ್ಬೆರಳಷ್ಟು ಜಾಗ ಇರಬೇಕು, ಓಡುವಾಗ ಕಾಲು ಮುಂದ ಸರೀತದ.” ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. “ನೀನ ಒತ್ತಿ ನೋಡವಾ,” ಎಂದು ನನಗೆ ಹೇಳಿ ಆ ಕಡೆ ಹೋದರು.

ನಾನು ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬಟ್ಟೆಯ ಒಳಗೆ ಅವಳ ಕಾಲ್ಬೆರಳು ನನ್ನ ಬೆರಳಿಗೆ ನೇರವಾಗಿ ತಾಗಿತು. ಉಗುರು ಕೂಡ ಗೊತ್ತಾಯಿತು.

“ಜಾಗ ಅದ,” ಎಂದೆ.

“ಖರೇನ ಅಕ್ಕಾ?”

“ಅದ ಅಂದ್ನೆಲ್ಲ. ನಡೀತದ.”

“ನಡೀತದ, ಆದ್ರ ಓಡತದೇನ?” ಎಂದು ಅವಳು ನಕ್ಕಳು. ನಾನು ಒತ್ತಿದ್ದನ್ನು ನಂಬಿ ನಕ್ಕಳು. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೊರಡುವಾಗ ಕಾಕಾ ಹೇಳಿದರು: “ಎರಡ ದಿನ ಮನ್ಯಾಗ ಹಾಕ್ಕೊಂಡು ತಿರುಗ್ಯಾಡು, ಹೊರಗ ಇಳೀಬ್ಯಾಡ. ಬಿಗಿ ಆದ್ರ ಈ ವಾರದಾಗ ತರ್ರಿ. ಸ್ವಚ್ಛ ಇದ್ರ ಬದಲಿ ಮಾಡತೀನಿ.”

ಸಂಜೆ ಕಾಲಚೀಲ ಹಾಕಿ ನೋಡಿದ ಮೇಲೆ ಅವಳು ಮೆಲ್ಲಗೆ ಹೇಳಿದಳು, “ಅಕ್ಕಾ, ಬಿಗಿ ಆಗತದ. ಬೆರಳು ಮಡಚತಾವ.”

ಆಗ ಬೂಟಿನ ತುದಿಯನ್ನು ನೋಡಿದೆ. ನಾನು ಒತ್ತಿದ ಕಡೆ ನನ್ನ ಹೆಬ್ಬೆರಳಿನ ಹಳದಿ ಅಚ್ಚು ಮೂಡಿತ್ತು.

“ಕಲಿ ಬಿದ್ದದ ನೋಡು. ಇನ್ನ ಅವರು ತಗೊಳ್ಳೂದಿಲ್ಲ.”

“ತೊಳದ್ರ ಹೋಗೂದಿಲ್ಲೇನ?”

“ಅರಿಷಿಣದ ಕಲಿ ತೊಳದ್ರ ಹೋಗತದೇನ, ಹುಚ್ಚಿ? ನಾಲ್ಕ ದಿನದಾಗ ಕಾಲಿಗಿ ಹೊಂದತದ.”

ತೊಳೆದರೆ ಹೋಗುವುದಿಲ್ಲ, ಅಷ್ಟು ನಿಜ. ಸಾಬೂನು ಹಚ್ಚಿದರೆ ಇನ್ನೂ ಕೆಂಪಾಗುತ್ತದೆ. ಆದರೆ ಬಿಸಿಲಿಗೆ ಹೋಗುತ್ತದೆ. ಶೆಡ್ಡಿನ ಹೆಂಗಸರೆಲ್ಲ ಸೀರೆ ಹಿಂಡಿ ತಗಡಿನ ಪತ್ರಾದ ಮೇಲೆ ಹರವುತ್ತಿದ್ದೆವು. ಎರಡು ಬಿಸಿಲು ಕಂಡರೆ ಹಳದಿ ಇದ್ದ ಗುರುತೂ ಉಳಿಯುತ್ತಿರಲಿಲ್ಲ. ಬೂಟನ್ನು ನಮ್ಮ ಗೋಡೆಯ ಮೇಲೆ ಎರಡು ದಿನ ಇಟ್ಟಿದ್ದರೆ ಸಾಕಾಗಿತ್ತು. ಇದು ಗೊತ್ತಿರಲಿಲ್ಲ ಎಂದು ಸಾಂಗ್ಲಿಯಲ್ಲಿ ಬೇರೆ ಯಾರಾದರೂ ಹೇಳಬಹುದು. ನಾನು ಹೇಳುವಂತಿಲ್ಲ.

ಓಟಕ್ಕೆ ಮೂರು ವಾರ ಇತ್ತು. ಅವಳು ಅದೇ ಬೂಟಿನಲ್ಲಿ ದಿನಾ ಓಡಿದಳು. ಮೊದಲ ವಾರ ಹೆಬ್ಬೆರಳಿನ ಉಗುರು ಕಪ್ಪಾಯಿತು. ಮುಂದೆ ಬಿಗಿ ಎಂದು ಲೇಸು ಸಡಿಲ ಮಾಡಿದಳು, ಹಿಮ್ಮಡಿ ಉಜ್ಜಿ ಬೊಬ್ಬೆ ಎದ್ದಿತು. ನಾನು ರಾತ್ರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದೆ. ಅವ್ವ ನೋಡಿ, “ತಾಯಿಗಿಂತ ಹೆಚ್ಚು ಮಾಡತದ ನನ್ನ ಮಗಳು,” ಎನ್ನುತ್ತಿದ್ದಳು. ಆ ಎಣ್ಣೆಯ ಬಟ್ಟಲನ್ನು ಯಾರಾದರೂ ನನ್ನ ತಲೆಗೆ ಎಸೆಯಬೇಕಿತ್ತು.

ಓಟದ ದಿನ ಬೆಳಿಗ್ಗೆ ಮಿರಜಕ್ಕೆ ಜೊತೆಗೆ ಹೋದೆ. ಹುಡುಗಿಯರು ಸಾಲಾಗಿ ನಿಂತ ಜಾಗದ ಎದುರಿಗೇ ಕಾಕಾನ ತಮ್ಮನ ಬೂಟಿನ ಅಂಗಡಿ. ನಾನು ಅದಕ್ಕೆ ಬೆನ್ನು ಮಾಡಿ ನಿಂತೆ. ಓಟ ಶುರುವಾದ ಮೇಲೆ ಸಿಟಿ ಬಸ್ಸು ಹಿಡಿದು ಸಾಂಗ್ಲಿಗೆ ಬಂದು ಕಾದು ನಿಂತೆ.

ಏಳನೆಯವಳಾಗಿ ಬಂದಳು. ಆರನೆಯವಳು ಅವಳಿಗಿಂತ ಸಣ್ಣ ಹೆಜ್ಜೆಯ ಹುಡುಗಿ, ಶಾಲೆಯಲ್ಲಿ ಯಾವತ್ತೂ ಇವಳನ್ನು ಹಿಂದೆ ಹಾಕಿದವಳಲ್ಲ. ಬಾಯಿ ತಂಗಿಯನ್ನು ಕೂರಿಸಿ ಬೂಟು ಎಳೆದರು. ಕಾಲಚೀಲ ಬೆರಳಿಗೆ ಅಂಟಿತ್ತು. ಬಿಡಿಸಿದಾಗ ಉಗುರೂ ಅದರ ಜೊತೆಗೆ ಬಂತು.

“ಕುಣೀ ಘೇತಲೇ ಹೇ ಬೂಟ?” ಎಂದು ಬಾಯಿ ಕೇಳಿದರು. ಈ ಬೂಟು ಯಾರು ತೆಗೆದುಕೊಂಡದ್ದು?

“ಮೀಚ,” ಎಂದಳು ತಂಗಿ. ನಾನೇ.

ಬಾಯಿ ಎಲ್ಲರ ಮುಂದೆ ಅವಳನ್ನು ಬೈದರು. ಇಷ್ಟು ಕಲಿಸಿದೆ, ಒಂದು ಬೂಟು ನೋಡಿ ತೆಗೆದುಕೊಳ್ಳುವ ಬುದ್ಧಿ ಇಲ್ಲವೇ, ಕೈಯಾರೆ ಹಾಸ್ಟೆಲ್ಲು ಕಳಕೊಂಡೆಯಲ್ಲ. ಕಾರ್ಖಾನೆಯವರು ಐದು ಹೆಸರು ಬರೆದುಕೊಂಡು ಜೀಪು ಹತ್ತಿದರು. ನಾನು ನೀರಿನ ತಂಬಿಗೆ ಹಿಡಿದು ಎರಡು ಹೆಜ್ಜೆ ದೂರ ನಿಂತಿದ್ದೆ. ಸುಳ್ಳು ಹೇಳುವಾಗ ಚುರುಕಾಗಿದ್ದ ನಾಲಗೆ ಆಗ ಎಲ್ಲಿ ಸತ್ತಿತ್ತೋ. ಅದಕ್ಕಿಂತ ನಾಚಿಕೆಗೇಡು ಎಂದರೆ, ಅವಳು ನನ್ನ ಹೆಸರು ಹೇಳಲಿಲ್ಲವಲ್ಲ ಎಂದು ಒಳಗೆ ಹಗುರವಾಯಿತು.

ಅವಳು ಓಡುವುದನ್ನು ಬಿಟ್ಟಳು. ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಶಾಲೆಯೂ ಬಿಟ್ಟುಹೋಯಿತು, ಶೆಡ್ಡಿನಲ್ಲಿ ನನ್ನ ಪಕ್ಕದಲ್ಲಿ ಬಂದು ನಿಂತಳು. ಮೊದಲ ವಾರ ಅವಳ ಲಂಗದ ತುಂಬ ಹಳದಿ. ಉಜ್ಜುತ್ತಾ ಕುಳಿತದ್ದನ್ನು ನೋಡಿ ವಯಸ್ಸಾದ ಒಬ್ಬ ಹೆಂಗಸು ಹೇಳಿದಳು, “ಉಜ್ಜಬ್ಯಾಡ, ಹುಚ್ಚಿ. ಪತ್ರಾ ಮ್ಯಾಲ ಹರವು, ಎರಡ ದಿನ ಬಿಸಿಲಿಗೆ ಹೋಗತದ. ನಾ ಹೊಸದಾಗಿ ಕೆಲಸಕ್ಕ ಬಂದಾಗ ನನಗ ಹೇಳಿಕೊಟ್ಟಾಕಿ ನಿಮ್ಮಕ್ಕನ.”

ತಂಗಿಯ ಕೈ ನಿಂತಿತು. ನನ್ನ ಕಡೆ ನೋಡಿದಳು.

“ಹೌದೇನ ಅಕ್ಕಾ?”

“ಹೌದು,” ಎಂದೆ. ಅಷ್ಟೇ ಹೇಳಿದೆ.

ಮನೆಗೆ ಹೋಗಿ ಅಟ್ಟದ ಮೇಲಿನ ಚೀಲದಿಂದ ಬೂಟು ತೆಗೆದು ಗೋಡೆಯ ಮೇಲೆ ಇಟ್ಟಳು. ಮೂರನೆಯ ದಿನ ತುದಿ ಬೆಳ್ಳಗಿತ್ತು. ನಾಲ್ಕು ನಂಬರು ಸರಿಯಾಗುವ ಓಣಿಯ ಒಬ್ಬ ಹುಡುಗಿಯನ್ನು ಕರೆದು, ನಿಲ್ಲಿಸಿ, ತುದಿ ಒತ್ತಿ ನೋಡಿ ಕೊಟ್ಟುಬಿಟ್ಟಳು.

ಆ ರಾತ್ರಿ ನನ್ನ ಮುಂದೆ ತಾಟು ಇಟ್ಟು, “ಊಟಾ ಮಾಡ್ರಿ,” ಎಂದಳು.

ಹುಟ್ಟಿದಾಗಿನಿಂದ ನನಗೆ ನೀ ಎಂದವಳು. ಅವತ್ತಿನಿಂದ ಬರ್ರಿ, ಕುಂದರ್ರಿ, ತಗೋರಿ. ನನ್ನ ತಲೆ ನರೆಯಿತು, ಅವಳದೂ ನರೆಯಿತು, ಆ ‘ರಿ’ ಹೋಗಲಿಲ್ಲ. ಅಕ್ಕನಿಗೆ ಎಷ್ಟು ಮರ್ಯಾದೆ ಕೊಡುತ್ತಾಳೆ ಎಂದು ಓಣಿಯವರು ತಮ್ಮ ಮಕ್ಕಳಿಗೆ ಅವಳನ್ನು ತೋರಿಸುತ್ತಾರೆ.