ಲಾಳಿಯಂತೆ ಆಡಬೇಕಿದ್ದ ಗೇರು

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಮಗ್ಗಗಳ ಜೊತೆ ಅಪ್ಪನ ಹಳೆಯ ಕಾರಿಗೂ ಪೂಜೆ. ಮರುದಿನ ಬೆಳಿಗ್ಗೆ ಮತ್ತೆ ಆರತಿ ಎತ್ತುವವರೆಗೆ ಪೂಜೆಗಿಟ್ಟ ಯಾವುದನ್ನೂ ಮುಟ್ಟುವಂತಿಲ್ಲ. ಆ ವರ್ಷ ಕಾರಿನೊಳಗೆ ದೇವಿಯ ಪಟ ಇಟ್ಟಿದ್ದರು. ಪಟ ಕತ್ತಲೆಯಲ್ಲಿರಬಾರದೆಂದು ಅಮ್ಮ ಕಾರಿನ ದೀಪ ಹಾಕಿಸಿದಳು. ಆರಿಸಬೇಕೆಂದರೆ ಕಾರು ಮುಟ್ಟಬೇಕು, ಯಾರೂ ಆರಿಸಲಿಲ್ಲ. ಎಂ.ಎಸ್ಸಿ. ಓದುತ್ತ ಇದನ್ನೆಲ್ಲ ಹಾಸ್ಯ ಮಾಡುತ್ತಿದ್ದ ನಾನೂ ಆರಿಸಲಿಲ್ಲ.

ಬೆಳಿಗ್ಗೆ ಕಾರಮಡೈಯಿಂದ ಚಿಕ್ಕಪ್ಪನ ಫೋನು. ಅವ್ವನಿಗೆ, ಅಂದರೆ ಅಪ್ಪನ ತಾಯಿಗೆ, ಉಸಿರು ಸಿಗುತ್ತಿಲ್ಲ, ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಬೇಕು, ಹಬ್ಬವಾದ್ದರಿಂದ ಅಲ್ಲಿ ಬಾಡಿಗೆ ಕಾರಿಲ್ಲ.

ಅಪ್ಪ ಕೀಲಿ ತಿರುಗಿಸಿದ. ಕಾರು ಉಸಿರೇ ಎತ್ತಲಿಲ್ಲ; ರಾತ್ರಿಯಿಡೀ ಉರಿದ ದೀಪ ಬ್ಯಾಟರಿಯನ್ನು ಬರಿದು ಮಾಡಿತ್ತು. ತಳ್ಳಿಯೇ ಹೊರಡಿಸಬೇಕಿತ್ತು.

ಹ್ಯಾಂಡ್‌ಬ್ರೇಕ್ ಹಿಡಿಯದ ಕಾರದು. ನಿಲ್ಲಿಸುವಾಗ ಅಪ್ಪ ಯಾವಾಗಲೂ ಗೇರಿನಲ್ಲಿಡುತ್ತಿದ್ದ. ಗೇರಿನ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲಿತ್ತು, ಸವೆದು ಸಡಿಲವಾಗಿತ್ತು. ಅದು ಮಗ್ಗದ ಲಾಳಿಯಂತೆ ಆಚೆ ಈಚೆ ಆಡಿದರೆ ಮಾತ್ರ ನ್ಯೂಟ್ರಲ್ ಎಂದು ಅಪ್ಪ ಕಲಿಸಿದ್ದ. ನಾನು ಸೀಟಿನಲ್ಲಿ ಕೂತೆ. ಅಪ್ಪ, ಅಮ್ಮ ಹಿಂದೆ ನಿಂತರು.

"ನ್ಯೂಟ್ರಲ್‌ಗೆ ಹಾಕ್ದ್ಯಾ ಕಣ್ಣು?" ಅಪ್ಪ ನನ್ನನ್ನು ಮುದ್ದಿನಿಂದ ಕರೆಯುತ್ತಿದ್ದುದೇ ಹಾಗೆ.

"ಹಾಕಿದ್ದೀನಪ್ಪಾ."

ಕಾರು ಒಂದಡಿ ಮುಗ್ಗರಿಸಿ ನಿಂತಿತು. ಮತ್ತೆ ತಳ್ಳಿದರು, ಮತ್ತೆ ಅಷ್ಟೇ. ಬ್ರೇಕ್ ಕಚ್ಚಿಕೊಂಡಿದೆ ಎಂದುಕೊಂಡ ಅಪ್ಪ ಹಬ್ಬಕ್ಕೆಂದು ಉಟ್ಟ ಹೊಸ ವೇಷ್ಟಿಯಲ್ಲೇ ಮಣ್ಣಿಗೆ ಮಲಗಿ, ಒಂದೊಂದೇ ಚಕ್ರಕ್ಕೆ ಸುತ್ತಿಗೆಯಿಂದ ಬಡಿದ.

"ಅಷ್ಟು ಓದ್ದವ್ನು ಕೂತವ್ನೆ, ನೀವು ಮಣ್ಣಲ್ಲಿ ಬಿದ್ದಿದೀರಿ," ಎಂದಳು ಅಮ್ಮ.

"ಓದು ಬಂಡಿ ತಳ್ಳಾಕಲ್ಲ, ಸುಮ್ಕಿರು."

ಮುಕ್ಕಾಲು ಗಂಟೆ ಹೀಗೆ ಹೋಯಿತು. ಕೊನೆಗೆ ಅಪ್ಪ ಕಿಟಕಿಯೊಳಗೆ ಕೈ ಹಾಕಿ ಕಡ್ಡಿ ಹಿಡಿದ. 'ಟಕ್' ಎಂದಿತು. ನನ್ನ ಮುಖವನ್ನೂ ನೋಡದೆ ಹಿಂದೆ ಹೋದ. ಆಮೇಲೆ ಕಾರು ಹಗುರವಾಗಿ ಉರುಳಿತು, ಎಂಜಿನ್ ಹತ್ತಿಕೊಂಡಿತು.

ನನಗೆ ನೆನಪಿರುವುದು ಇದು. ಅಮ್ಮನನ್ನು ಕೇಳಿದರೆ, ಸೀಟಿನಲ್ಲಿ ಕೂತಿದ್ದವನು ಅಪ್ಪನೇ ಎನ್ನುತ್ತಾಳೆ. ನಾನು ಅವಳ ಪಕ್ಕದಲ್ಲಿ ತಳ್ಳುತ್ತಿದ್ದೆನಂತೆ, ಗಾಬರಿಯಲ್ಲಿ ಗೇರು ಮರೆತವನು ಅವನಂತೆ. ನನ್ನನ್ನು ಉಳಿಸಲು ಹೇಳುತ್ತಾಳೋ, ನಿಜವೋ ಗೊತ್ತಿಲ್ಲ. ಆ 'ಟಕ್' ಸದ್ದನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಅಪ್ಪನನ್ನು ಒಮ್ಮೆ ಕೇಳಿದ್ದೆ. "ಯಾರ್ ಕೂತಿದ್ರೇನು ಕಣ್ಣು, ತಳ್ಳಿದ್ದು ನಮ್ಮವ್ವನ್ಗೇ ಅಲ್ವಾ," ಎಂದು ಎದ್ದು ಹೋದ. ಈಗ ಕೇಳಲು ಅವನಿಲ್ಲ.

ಇದೊಂದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಕಾರಮಡೈ ಸೇರಿದಾಗ ಅಪ್ಪ ಎಂಜಿನ್ ಆರಿಸದೆ ಇಳಿದ. ಆರಿಸಿದರೆ ಮತ್ತೆ ಹೊರಡುತ್ತದೆಂಬ ನಂಬಿಕೆಯಿರಲಿಲ್ಲ. ಅವನ ಜಾಗದಲ್ಲಿ ನಾನು ಕೂತು, ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೆ. ಕಡ್ಡಿಯನ್ನು ಎರಡೆರಡು ಸಲ ಅಲ್ಲಾಡಿಸಿ ನೋಡಿದೆ; ಅದು ಲಾಳಿಯಂತೆ ಸಲೀಸಾಗಿ ಆಡಿತು. ಅವ್ವನನ್ನು ಮಲಗಿಸಲೆಂದು ಅಮ್ಮ ಹಿಂದಿನ ಸೀಟಿನ ಮೇಲೆ ಹಾಸಿದ್ದ ಸೀರೆಯನ್ನು ತಿರುಗಿ ತಿರುಗಿ ನೋಡುತ್ತಿದ್ದೆ. ಎಂಜಿನ್ ಸದ್ದಿನಲ್ಲಿ ಮನೆಯೊಳಗಿನ ಅಳು ಕೇಳಿಸಿರಲಿಲ್ಲ.

ಅಪ್ಪ ಒಬ್ಬನೇ ಹೊರಬಂದ. ಕಿಟಕಿಯೊಳಗೆ ಕೈ ಹಾಕಿ ತಾನೇ ಕೀಲಿ ತಿರುಗಿಸಿದ.

"ಸಾಕು ಕಣ್ಣು. ನಾವು ಬರಾಕೆ ಸ್ವಲ್ಪ ಮುಂಚೇನೇ ಆಗೋಯ್ತಂತೆ."