ಗೆರೆ ದಾಟಿದ ಕಾಲು

ರುದ್ರಯ್ಯ ಮೇಷ್ಟ್ರನ್ನು ನಾನು ಇಷ್ಟಪಟ್ಟ ದಿನವೇ ಇಲ್ಲ. ಹಳೇಕೋಟೆ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು ನಾವು. ನಾನು ಗಣಿತ, ಅವರು ದೈಹಿಕ ಶಿಕ್ಷಣ. ನನ್ನ ಹೆಸರು ಚಂದ್ರಮೌಳಿ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಹತ್ತೊಂಬತ್ತು ವರ್ಷವೂ ಅವರು ನನ್ನನ್ನು ಕರೆದದ್ದು ಸೋಡಾಬುಡ್ಡಿ ಎಂದೇ. ಅದೂ ಮಕ್ಕಳೆದುರಿಗೆ.

ಕನ್ನಡಕ ಹಾಕಿದವರು ಅವರ ಪಾಲಿಗೆ ಅರ್ಧ ಮನುಷ್ಯರು. ಒಂಬತ್ತನೇ ಕ್ಲಾಸಿನ ರಂಜಿತಾ ಶಾಲೆಗೇ ಒಳ್ಳೆಯ ಓಟಗಾರ್ತಿ. ಅವಳಿಗೆ ಕನ್ನಡಕ ಬಂದ ವಾರವೇ ತಂಡದಿಂದ ಹೆಸರು ಹೊಡೆದು ಹಾಕಿದರು. "ಸೊಪ್ಪುಸದೆ ತಿನ್ನದೆ ಮೊಬೈಲ್ ನೋಡ್ತಾ ಕುಂತ್ರೆ ಇಂಗೇ ಆಗಾದು" ಎಂದು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಹುಡುಗಿಯ ಮನೆಯಲ್ಲಿ ಇದ್ದದ್ದು ಬಟನ್ ಫೋನು.

ನಾನು ಹೇಳುತ್ತಿರುವ ವರ್ಷ ಅವರಿಗೆ ಐವತ್ತೇಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಕಬಡ್ಡಿ ಪಂದ್ಯ ನಡೆದರೂ ಅಂಪೈರ್ ರುದ್ರಯ್ಯನವರೇ. ಅಂಕ ಬರೆಯಲು ಒಬ್ಬರು ಬೇಕಲ್ಲ, ನನ್ನನ್ನು ಕರೆದೊಯ್ಯುತ್ತಿದ್ದರು. "ಸೋಡಾಬುಡ್ಡಿಗೆ ಆಟ ಕಾಣ್ದಿದ್ರೂ ಪುಸ್ತಕ ಕಾಣ್ತದೆ" ಎನ್ನುತ್ತಿದ್ದರು. ನಾನೂ ಹೋಗುತ್ತಿದ್ದೆ. ಅದು ನನ್ನ ದೌರ್ಬಲ್ಯ.

ಆ ವರ್ಷದ ಮೊದಲಲ್ಲಿ ನಮ್ಮ ಶಾಲೆಯಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆಯಿತು. ಹಾಸನದ ಆಸ್ಪತ್ರೆಯೊಂದರಿಂದ ಧನುಶ್ರೀ ಎಂಬ ಹುಡುಗಿ ಯಂತ್ರ, ಬೋರ್ಡು ಹಿಡಿದು ಬಂದಿದ್ದಳು. ಮಕ್ಕಳದು ಮುಗಿದ ಮೇಲೆ ಮೇಷ್ಟ್ರುಗಳ ಸರದಿ. ರುದ್ರಯ್ಯನವರು ಎದೆ ಉಬ್ಬಿಸಿ ನಿಂತು, ಒಂದೊಂದು ಕಣ್ಣು ಮುಚ್ಚಿಕೊಂಡು, ಬೋರ್ಡಿನ ಕೊನೆಯ ಸಾಲಿನವರೆಗೂ ಓದಿದರು. ಅಷ್ಟು ಸಾಲದೆಂದು, ಅದರ ಕೆಳಗೆ ಇರುವೆಯಷ್ಟು ಸಣ್ಣದಾಗಿ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿ ನನ್ನ ಕಡೆ ತಿರುಗಿದರು.

ಆಮೇಲೆ ಆ ಹುಡುಗಿ ಅವರನ್ನು ಯಂತ್ರದ ಮುಂದೆ ಕೂರಿಸಿ ಕಣ್ಣಿಗೆ ಫುಸ್ಸೆಂದು ಗಾಳಿ ಹೊಡೆದಳು. ಅಂಕಿ ನೋಡಿದಳು. ಇನ್ನೆರಡು ಸಲ ಹೊಡೆದಳು.

"ಸಾರ್, ಕಣ್ಣಿನ ಒತ್ತಡ ಜಾಸ್ತಿ ಇದೆ. ನಿಮ್ಮನೇಲಿ ಯಾರಿಗಾದ್ರೂ ಕಣ್ಣು ಹೋಗಿತ್ತಾ?"

"ನಮ್ಮಪ್ಪಂಗೆ ಓಗಿತ್ತು. ವಯಸ್ಸಾಗಿತ್ತು, ಓಯ್ತು. ಅದಕ್ಕೇನೀಗ?"

"ಹಂಗಿದ್ರೆ ನೀವು ನಲವತ್ತಕ್ಕೇ ತೋರಿಸ್ಬೇಕಿತ್ತು ಸಾರ್. ಇದು ಮನೆತನದಲ್ಲಿ ಬರೋ ಕಾಯಿಲೆ, ಗ್ಲಾಕೋಮಾ ಅಂತ. ನೋವಿರಲ್ಲ. ಬೋರ್ಡ್ ಓದಿದ್ರೆ ಗೊತ್ತಾಗೋದು ನಡುವಿನ ನೋಟ ಅಷ್ಟೇ. ಕಣ್ಣಿನ ನರ ನೋಡ್ಬೇಕು, ಪಕ್ಕದ ನೋಟ ಅಳೀಬೇಕು. ಹಾಸನಕ್ಕೆ ಬನ್ನಿ." ಒಂದು ಚೀಟಿ ಬರೆದುಕೊಟ್ಟಳು.

ರುದ್ರಯ್ಯನವರು ಆ ಚೀಟಿಯನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಂಡರು. "ಪ್ರೆಸ್ಸಿನ ಎಸರು ಓದ್ದೋನಿಗೆ ಕಾಯಿಲೆ ಅಂತಾಳೆ. ಗಿರಾಕಿ ಇಡಿಯಾಕೆ ಬಂದವ್ಳೆ ಕಣ್ರೀ."

ಆ ವರ್ಷವೆಲ್ಲ ಅವರು ಎಡವುತ್ತಿದ್ದರು. ಸ್ಟಾಫ್ ರೂಮಿನ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಚೌಕಟ್ಟನ್ನು ಬೈದರು. ಪಕ್ಕದಲ್ಲಿಟ್ಟ ಟೀ ಲೋಟಕ್ಕೆ ಕೈ ತಾಗಿ ಚೆಲ್ಲಿದಾಗಲೆಲ್ಲ ಅಟೆಂಡರ್ ಪಾಪಯ್ಯನನ್ನು ಬೈದರು. ಬೈಕಿನಲ್ಲಿ ಬರುವಾಗ ಪಕ್ಕದಿಂದ ನುಗ್ಗಿದ ಎಮ್ಮೆಗೆ ಗುದ್ದಿ ಎಮ್ಮೆಯ ಒಡೆಯನನ್ನು ಬೈದರು. ತಪ್ಪು ಯಾವತ್ತೂ ಬೇರೆಯವರದೇ.

ಡಿಸೆಂಬರಿನಲ್ಲಿ ಅರಕಲಗೂಡಿನಲ್ಲಿ ಫೈನಲ್ ಪಂದ್ಯ. ಒಂದು ಕಡೆ ಕಟ್ಟಾಯದ ತಂಡ, ಇನ್ನೊಂದು ಕಡೆ ಅರಕಲಗೂಡಿನದು. ಗೆದ್ದವರಿಗೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶ. ಕೊನೆಯ ನಿಮಿಷ, ಅಂಕ ಸಮ. ಅರಕಲಗೂಡಿನ ರೈಡರ್ ಒಳನುಗ್ಗಿ, ರುದ್ರಯ್ಯನವರು ನಿಂತಿದ್ದ ಬದಿಗೇ ಬಂದು ಕೈಚಾಚಿ ಒಬ್ಬನನ್ನು ಮುಟ್ಟಿದ. ಮುಟ್ಟುವ ಮೊದಲೇ ಅವನ ಎಡಗಾಲು ಗೆರೆ ದಾಟಿ ಇಡೀ ಪಾದ ಆಚೆ ಬಿದ್ದಿತ್ತು. ದೂರದಲ್ಲಿ ಕೂತ ನನಗೇ ಅದು ಕಂಡಿತು. ಎರಡು ಮಾರು ದೂರದಲ್ಲಿ ನಿಂತ ರುದ್ರಯ್ಯನವರು ಸೀಟಿ ಊದಿ ಅರಕಲಗೂಡಿಗೆ ಅಂಕ ಕೊಟ್ಟರು.

ಕಟ್ಟಾಯದ ನಾಯಕ ದೇವರಾಜ್ ಬಂದು ಅವರೆದುರು ನಿಂತ. "ಸಾ, ಕಾಲು ನಿಮ್ ಮುಂದೇನೇ ಆಚಿಕ್ ಬಂತಲ್ಲ ಸಾ. ಯಾರು ಕೊಂಡ್ಕಂಡವ್ರೆ ಯೋಳಿ ನಿಮ್ಮುನ್ನ?"

ಸಂಜೆಯೊಳಗೆ ವಿಡಿಯೋ ಎಲ್ಲರ ಫೋನಿಗೂ ಬಂತು. ಕೈ, ಕಾಲು, ಗೆರೆ, ಸೀಟಿ, ಎಲ್ಲವೂ ಅದರಲ್ಲಿ ಸ್ಪಷ್ಟವಾಗಿತ್ತು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ನಾನು ಕೇಳಿಯೇಬಿಟ್ಟೆ.

"ನಿಜವಾಗ್ಲೂ ನಿಮಗೆ ಆ ಕಾಲು ಕಾಣಲಿಲ್ವಾ?"

ಅವರು ಕೊರಳಲ್ಲಿದ್ದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ, "ಕಂಡಿತ್ತು. ಕಂಡೇ ಬುಟ್ಟೆ" ಎಂದರು.

"ಯಾಕೆ?"

"ನನ್ನಿಷ್ಟ."

ಕಬಡ್ಡಿ ಸಂಘದ ಅಧ್ಯಕ್ಷ ಈಶ್ವರಯ್ಯ ಕರೆಸಿ ವಿಚಾರಣೆ ಮಾಡಿದಾಗಲೂ ಅದನ್ನೇ ಹೇಳಿದರು. ಸಂಘದವರು, ಇವರು ಪಕ್ಷಪಾತ ಮಾಡಿದ್ದಾರೆಂದು ಬರೆದು, ಒಂದು ವರ್ಷ ಅಂಪೈರಿಂಗ್ ಮಾಡದಂತೆ ನಿಷೇಧ ಹಾಕಿದರು; ಆದರೆ ಅಂಪೈರ್ ಕಣ್ಣಾರೆ ಕಂಡು ಕೊಟ್ಟ ತೀರ್ಪು ತಿರುಗದೆಂದು ಫಲಿತಾಂಶವನ್ನು ಹಾಗೇ ಉಳಿಸಿದರು. ರುದ್ರಯ್ಯನವರು ಆ ಕಾಗದ ಓದಿ, ಕನ್ನಡಕವಿಲ್ಲದೆ ಓದಿ, ಸಹಿ ಮಾಡಿದರು. ಕಳ್ಳನೆನಿಸಿಕೊಳ್ಳಲು ಒಪ್ಪಿದ ಮನುಷ್ಯ ಕಣ್ಣಿಲ್ಲದವನೆನಿಸಿಕೊಳ್ಳಲು ಒಪ್ಪಲಿಲ್ಲ. ಇಂಥ ಒಣಜಂಬವನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾರದ ನಂತರ ಅವರ ಹೆಂಡತಿ ನೀಲಗಂಗಮ್ಮ ನಮ್ಮ ಮನೆಗೆ ಬಂದರು.

"ನಮ್ಮೋರು ಮೋಸ ಮಾಡೋರಲ್ಲ ಮೇಷ್ಟ್ರೆ. ಅವ್ರಿಗೆ ಕಾಣಾಕಿಲ್ಲ. ಎದ್ರುಗಡೆ ಮುದ್ದೆ ಕಾಣ್ತದೆ, ತಟ್ಟೆ ಪಕ್ಕದಲ್ಲಿಟ್ಟ ಮಜ್ಗೆ ಕಾಣಾಕಿಲ್ಲ. ನಮ್ಮ ಮಾವನೋರೂ ಮೊದ್ಲು ಇಂಗೇ ಮಾಡ್ತಿದ್ರು. ಆಸನಕ್ ಕಣ್ ತೋರ್ಸಾಕೆ ನೀವೂ ಜೊತೇಲಿ ಬನ್ನಿ. ನಾನೊಬ್ಳೇ ಅಂದ್ರೆ ಬರಾಕಿಲ್ಲ."

ಹೋದೆ. ಕರುಣೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಅವರು ಕಣ್ಣಾಸ್ಪತ್ರೆಯ ಮೆಟ್ಟಿಲು ಹತ್ತಿ, ಕನ್ನಡಕ ಹಾಕಿಕೊಂಡು ಇಳಿಯುವುದನ್ನು ನಾನು ನೋಡಬೇಕಿತ್ತು.

ಹಾಸನದ ಆಸ್ಪತ್ರೆಯಲ್ಲಿ ಮತ್ತೆ ಧನುಶ್ರೀಯೇ ಇದ್ದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿಸಿ, ಕೈಗೆ ಗುಂಡಿಯಿದ್ದ ಒಂದು ಹಿಡಿ ಕೊಟ್ಟಳು. "ನಡುವಿನ ದೀಪಾನೇ ನೋಡ್ತಿರಿ ಸಾರ್. ಸುತ್ತ ಎಲ್ಲಾದ್ರೂ ಚುಕ್ಕಿ ಬೆಳಕು ಕಂಡ್ರೆ ಗುಂಡಿ ಒತ್ತಿ."

ಕೋಣೆ ಕತ್ತಲಾಯಿತು. ಗುಂಡಿಯ ಸದ್ದು ಒಂದು ಸಲ ಬಂತು. ತುಂಬ ಹೊತ್ತಿನ ಮೇಲೆ ಇನ್ನೊಂದು ಸಲ. ನಾಲ್ಕೈದು ನಿಮಿಷ ಕಳೆದ ಮೇಲೆ ರುದ್ರಯ್ಯನವರು ತಲೆ ಹಿಂದಕ್ಕೆ ತೆಗೆದರು.

"ಮಿಷಿನ್ ಕೆಟ್ಟೋಗಿದೆ ಕಣಮ್ಮ. ಚುಕ್ಕಿನೇ ಬಿಡ್ತಿಲ್ಲ."

"ಬಿಡ್ತಾ ಇದೆ ಸಾರ್."

"ಅಂಗಾದ್ರೆ ಈ ಸೋಡಾಬುಡ್ಡಿನ ಕೂರ್ಸು, ನೋಡಾಣ."

ಧನುಶ್ರೀ ನನ್ನ ಮುಖ ನೋಡಿದಳು. ಕೂತೆ. ನನ್ನ ನಂಬರಿನ ಮಸೂರವೊಂದನ್ನು ಅವಳು ಕಣ್ಣಿನ ಮುಂದಿಟ್ಟಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಬರತೊಡಗಿದವು. ನಾನು ಒತ್ತುತ್ತಲೇ ಹೋದೆ. ಟಿಕ್, ಟಿಕ್, ಟಿಕ್. ಬೇಕೆಂದೇ ಜೋರಾಗಿ ಒತ್ತಿದೆ. ಹಿಂದೆ ನಿಂತಿದ್ದ ರುದ್ರಯ್ಯನವರ ಉಸಿರು ಕೇಳುತ್ತಿತ್ತು. ನಾನು ಎದ್ದಾಗ ಅವರು ಮತ್ತೆ ಕೂತು ಎರಡು ಕಣ್ಣಿನ ಪರೀಕ್ಷೆಯನ್ನೂ ಮುಗಿಸಿದರು.

ಕಣ್ಣಿಗೆ ಡ್ರಾಪ್ಸ್ ಬಿಟ್ಟು, ಪಾಪೆ ಅಗಲವಾದ ಮೇಲೆ ಡಾಕ್ಟರ್ ಪ್ರತಿಭಾ ಬೆಳಕು ಬಿಟ್ಟು ನರ ನೋಡಿದರು. ಯಂತ್ರದಿಂದ ಬಂದ ಕಾಗದ ತೋರಿಸಿದರು. ನಡುವೆ ನಾಣ್ಯದಗಲ ಬೆಳ್ಳಗೆ, ಸುತ್ತ ಕಪ್ಪು.

"ಕಪ್ಪಿರೋ ಕಡೆ ನೋಟ ಹೋಗಿದೆ. ಅದು ವಾಪಸ್ ಬರಲ್ಲ. ದಿನಾ ತಪ್ಪದೆ ಡ್ರಾಪ್ಸ್ ಹಾಕಿದ್ರೆ ಉಳಿದಿರೋದನ್ನ ಕಾಪಾಡ್ಬೋದು. ಕನ್ನಡಕದಿಂದ ಇದು ಸರಿಹೋಗಲ್ಲ." ಆಮೇಲೆ ಕೇಳಿದರು: "ಅಣ್ಣ ತಮ್ಮ ಇದ್ದಾರಾ? ಅವರಿಗೂ ಈಗಲೇ ಪರೀಕ್ಷೆ ಆಗ್ಬೇಕು."

"ಯಾರೂ ಇಲ್ಲ" ಎಂದರು ರುದ್ರಯ್ಯ.

ಶ್ರವಣಬೆಳಗೊಳದಲ್ಲಿ ಅಂಗಡಿ ಇಟ್ಟಿರುವ ಶಿವಕುಮಾರ್ ಅವರ ಸ್ವಂತ ತಮ್ಮ. ನಲವತ್ತೆಂಟು ವಯಸ್ಸು. ತಮ್ಮನಿಗೆ ಹೇಳಿದರೆ ತನ್ನ ಕಣ್ಣಿನ ಸುದ್ದಿ ಹೊರಬೀಳುತ್ತದೆಂದು ಈ ಮನುಷ್ಯ ತಮ್ಮನೇ ಇಲ್ಲವೆಂದುಬಿಟ್ಟರು. ಅಲ್ಲಿಯವರೆಗೆ ನನಗೆ ಅವರ ಮೇಲೆ ಇದ್ದದ್ದು ಬರೀ ಸಿಟ್ಟು. ಅಸಹ್ಯ ಹುಟ್ಟಿದ್ದು ಆ ಗಳಿಗೆಯಲ್ಲಿ.

ನೀಲಗಂಗಮ್ಮ ಗಂಡನ ಮುಖ ನೋಡಲೂ ಇಲ್ಲ. ಬ್ಯಾಗಿನಿಂದ ಫೋನ್ ತೆಗೆದು ಡಾಕ್ಟರ್ ಎದುರಿಗೇ ಮೈದುನನ ನಂಬರ್ ಒತ್ತಿದರು. "ಶಿವಣ್ಣ, ನಾನು ಅತ್ತಿಗೆ. ನಿಮ್ಮಣ್ಣಂಗೆ ನಿಮ್ಮಪ್ಪನ್ ಕಾಯ್ಲೆನೇ ಬಂದದೆ. ನೀನು ನಾಳೇನೇ ಅಂಗಡಿ ಮುಚ್ಚಿ ಆಸನಕ್ ಬಾ."

ರುದ್ರಯ್ಯನವರು ಗೋಡೆಯ ಕಡೆ ತಿರುಗಿ ಕೂತರು.

ಶಿವಕುಮಾರ್‌ಗೂ ಒತ್ತಡ ಹೆಚ್ಚಿತ್ತು, ಆದರೆ ಪಕ್ಕದ ನೋಟ ಪೂರ್ತಿ ಉಳಿದಿತ್ತು. ಈಗ ಅವನೂ ರಾತ್ರಿ ಮಲಗುವ ಮುಂಚೆ ಔಷಧಿ ಬಿಟ್ಟುಕೊಳ್ಳುತ್ತಾನೆ. ಆರು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಬರುತ್ತಾನೆ.

ಕಟ್ಟಾಯಕ್ಕೆ ಹೋಗಿ ದೇವರಾಜನಿಗೆ ಇದ್ದ ವಿಷಯ ಹೇಳಿಬಿಡಿ ಎಂದು ನಾನು ಎರಡು ಸಲ ಹೇಳಿದೆ. "ದುಡ್ಡು ತಿಂದ ಅಂತ್ಲೇ ಅಂದ್ಕಳ್ಳಿ ಬುಡಿ" ಎಂದರು. ನಿಷೇಧದ ವರ್ಷ ಮುಗಿದ ಮೇಲೆ, ಮತ್ತೆ ಅಂಪೈರ್ ಆಗಿ ಬನ್ನಿರೆಂದು ಸಂಘದಿಂದ ಕಾಗದ ಬಂತು. ಬಿಡುವಿಲ್ಲ ಎಂದು ಒಂದೇ ಸಾಲು ಬರೆದು, ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ನಾನು ಅಂಚೆಗೆ ಹಾಕಲಿಲ್ಲ. ಹಾಸನದ ಕಾಗದದ ಒಂದು ಪ್ರತಿಯನ್ನು ನೀಲಗಂಗಮ್ಮನವರಿಂದ ಕೇಳಿ ಪಡೆದು, ಮುಂದಿನ ಭಾನುವಾರ ಕಟ್ಟಾಯದ ಬಸ್ಸು ಹತ್ತಿದೆ.

ನಾನು ಎಲ್ಲ ಹೇಳಿದ ಮೇಲೆ ದೇವರಾಜ್ ಆ ಕಪ್ಪು ಬಿಳಿ ಚಿತ್ರವನ್ನು ತುಂಬ ಹೊತ್ತು ನೋಡಿದ. "ಇದ್ನ ಅವತ್ತೇ ಯೋಳಿದ್ರೆ ಪಂದ್ಯ ಇನ್ನೊಂದ್ಸಲ ಆಡಿಸ್ತಿದ್ರಲ್ಲ ಸಾ" ಎಂದ.