ಬೇಳೆಗೆ ಕುಡಿಯುವ ನೀರು

ತನುಶ್ರೀ, ಮೋಹಿತ, ನೀವಿಬ್ಬರೂ ಬಿಸ್ಕತ್ತಿನ ಪೊಟ್ಟಣ ಒಡೆಯುವ ಮೊದಲು ಅದನ್ನು ತಿರುಗಿಸಿ ಹಿಂಬದಿ ಓದುವುದನ್ನು ಬಹಳ ದಿನದಿಂದ ನೋಡುತ್ತಿದ್ದೇನೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರೂ ಇಷ್ಟು ಕೂಲಂಕಷವಾಗಿ ನೋಡುತ್ತಿರಲಿಲ್ಲ. ಈ ವಿಷಯದಲ್ಲಿ ನಿಮಗೆ ಒಂದು ಕಥೆ ಹೇಳುವುದಿದೆ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ನಾಲ್ಕು ಮಾತಿಗೇ ಗಂಟಲು ಒಣಗುತ್ತದೆ. ನೀವು ನಕ್ಕುಬಿಟ್ಟರೆ ಐದನೆಯದು ಮರೆತೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಲುತ್ತದೆ ಅಂದುಕೊಂಡಿದ್ದೇನೆ.

ನೀವು ಓದಿ ಹೇಳುತ್ತಿದ್ದ ಹೆಸರುಗಳು ಮೊದಮೊದಲು ನನಗೆ ಭಯ ಹುಟ್ಟಿಸುತ್ತಿದ್ದವು. ಕೆ.ಜಿ.ಎಫ್.ನ ಊರಿಗಾಂನಲ್ಲಿ ಬಾಳಿದವರಿಗೆ ಕೆಮಿಕಲ್ ಎಂದರೆ ನೆನಪಾಗುವುದು ಒಂದೇ. ಗಣಿಯವರು ಚಿನ್ನ ತೆಗೆದುಕೊಂಡು ನಮಗೆ ಬಿಟ್ಟುಹೋದ ಸೈನೈಡ್ ದಿಬ್ಬ. ಗಾಳಿ ಎದ್ದರೆ ಅದರ ಮಣ್ಣು ಒಣಹಾಕಿದ ಸೀರೆ, ಸಂಡಿಗೆ ಎಲ್ಲದರ ಮೇಲೂ ಕೂರುತ್ತದೆ. ನಿಮ್ಮ ತಾತ ಇದ್ದಾಗ, ಗಾಳಿ ಯಾವ ಕಡೆಯದೆಂದು ನೋಡಿಕೊಂಡೇ ಸಂಡಿಗೆ ಹಾಕು ಎನ್ನುತ್ತಿದ್ದರು. ಇಂಥ ಜಾಗದಲ್ಲಿ ಕೂತು ತನು ‘ಸಿಟ್ರಿಕ್ ಆಸಿಡ್’ ಎಂದು ಓದಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆಮೇಲೆ ಗೊತ್ತಾಯಿತು, ನಿಂಬೆಹಣ್ಣಿಗೆ ಹುಳಿ ಕೊಡುವುದೇ ಅದಂತೆ. ಇಷ್ಟು ವರ್ಷ ಆಸಿಡ್ ಹಿಂಡಿ ಚಿತ್ರಾನ್ನ ಕಲಸಿದವಳು ನಾನೇ.

ಇನ್ನು ಪೊಟ್ಟಣದ ಹಿಂದೆ ಪದಾರ್ಥಗಳಿಗೆ ಹೆಸರಿನ ಬದಲು ಕೊಟ್ಟಿರುವ ಆ ನಂಬರುಗಳು. ಐಎನ್‌ಎಸ್ ಇಷ್ಟು, ಐಎನ್‌ಎಸ್ ಅಷ್ಟು. ನಮ್ಮ ಬೀದಿಯ ಹಿರಿಯರು ಗಣಿಗೆ ಇಳಿಯುವಾಗ ಅವರಿಗೊಂದು ಟೋಕನ್ ನಂಬರು ಇರುತ್ತಿತ್ತು. ಮನೆಯಲ್ಲಿ ಹೆಂಡತಿಯೂ ಹೆಸರು ಹಿಡಿದು ಕರೆಯಲು ನಾಚುತ್ತಿದ್ದ ಗಂಡಸು ಗೇಟಿನಲ್ಲಿ ಬರೀ ನಂಬರಾಗಿ, ಮೇಲೆ ಬಂದ ಮೇಲೆ ಮತ್ತೆ ಮನುಷ್ಯನಾಗುತ್ತಿದ್ದ. ಪದಾರ್ಥಗಳದೂ ಅದೇ ಕಥೆ. ನಮ್ಮ ಅರಿಶಿನ ಕಾರ್ಖಾನೆಗೆ ಇಳಿದರೆ ಐಎನ್‌ಎಸ್ 100. ಗೋರಿಕಾಯಿಯ ಬೀಜದಿಂದ ಮಾಡಿದ ಅಂಟು 412. ಐಸ್‌ಕ್ರೀಮು ನೀರು ನೀರಾಗದಂತೆ ಹಿಡಿದಿಡುವುದು ಅದರ ಕೆಲಸ. ಎಮಲ್ಸಿಫೈಯರ್ ಎಂಬುದು ಎಣ್ಣೆಗೂ ನೀರಿಗೂ ರಾಜಿ ಮಾಡಿಸುವ ದೊಡ್ಡಮನುಷ್ಯ. ಕ್ಯಾಲೊರಿ ಎಂದರೆ ತಿಂದದ್ದು ಮೈಗೆ ಕೊಡುವ ಕಸುವಿನ ಅಳತೆ. ಸೌದೆಯನ್ನು ಒಲೆಗೆ ಇಡದೆ ಮನೆ ತುಂಬ ಒಟ್ಟಿಕೊಂಡರೆ ಓಡಾಡಲು ಜಾಗವಿರುವುದಿಲ್ಲವಲ್ಲ, ನನ್ನ ಸೊಂಟದ ಸುತ್ತ ಆಗಿರುವುದೂ ಅದೇ. ಹೀಗೆ ಒಂದೊಂದನ್ನೇ ನನ್ನ ಅಡುಗೆಮನೆಯ ಭಾಷೆಗೆ ತಂದುಕೊಂಡೆ.

ಈ ಪಾಠವೆಲ್ಲ ಹೊತ್ತು ಕಳೆಯುವುದಕ್ಕೆ ಎಂದೇ ತಿಳಿದಿದ್ದೆ, ನನ್ನಕ್ಕನ ಕಣ್ಣಿನ ವಿಷಯ ಬರುವ ತನಕ.

ನನ್ನಕ್ಕ ಎಂಕಟಮ್ಮ, ಅಂದರೆ ನಿಮ್ಮ ದೊಡ್ಡಜ್ಜಿ, ಕಾಮಸಮುದ್ರದ ಆಚೆಯ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವರು ಮಗನೋ ಮೇವಿನ ಹೊರೆಯೋ ತಿಳಿಯದಂತಾಗಿತ್ತು. ಆದರೂ ಹಸುವಿನ ಹಾಲು ತಾನೇ ಕರೆಯಬೇಕು. ಮಗ ಹೇಳಿಬಿಟ್ಟಿದ್ದ: “ಕಣ್ಣು ಆಪರೇಸನ್ ಆಗ್ದಿದ್ರೆ ಅಸ ಮಾರ್ಬಿಡ್ತೀನಮ್ಮಾ. ಯಾವತ್ತೋ ಒಂದಿನ ಒದೆ ತಿಂತೀಯ.” ಅವಳಿಗೆ ಕಣ್ಣು ಹೋಗುವ ಚಿಂತೆಗಿಂತ ಹಸು ಹೋಗುವ ಚಿಂತೆಯೇ ದೊಡ್ಡದಾಯಿತು. ಬಂಗಾರಪೇಟೆಯ ಕಣ್ಣಾಸ್ಪತ್ರೆಗೆ ಹೋದಾಗಲೆಲ್ಲ ಬಿಪಿ ನೋಡಿ, “ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್” ಎಂದು ವಾಪಸ್ಸು ಕಳಿಸುತ್ತಿದ್ದರು. ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿ ಎಂದರು. ನಮ್ಮಕ್ಕ ಯಾವುದನ್ನೂ ಕಡಿಮೆ ಮಾಡುವ ಪೈಕಿಯಲ್ಲ. ಪೂರ್ತಿ ಬಿಟ್ಟಳು. ಸಪ್ಪೆ ಸಾರಿಗೆ ಮುದ್ದೆ ಅದ್ದಿಕೊಂಡು, ಮನೆಗೆ ಬಂದವರಿಗೆಲ್ಲ ತನ್ನ ವ್ರತದ ವರ್ಣನೆ ಮಾಡಿದಳು. ಬಿಪಿ ಮಾತ್ರ ಇಳಿಯಲಿಲ್ಲ.

ಅವಳ ಸೊಸೆ ಬಾಣಂತನಕ್ಕೆ ತವರಿಗೆ ಹೋದಾಗ, ಒಲೆ ಮುಂದೆ ಅಕ್ಕ ಒಬ್ಬಳೇ ಆಗುತ್ತಾಳೆಂದು ನಾನು ಬಸ್ಸು ಹತ್ತಿದೆ. ತೊಗರಿಬೇಳೆ ಒಲೆ ಮೇಲಿತ್ತು. ಅಕ್ಕ ಗೋಡೆ ತಡವಿಕೊಂಡು ಬಂದು, ಡಬ್ಬಕ್ಕೆ ಕೈಹಾಕಿ, ಹಿಡಿಯಲ್ಲಿ ಬಂದಷ್ಟು ಬಿಳಿ ಪುಡಿಯನ್ನು ಪಾತ್ರೆಗೆ ಎಸೆದಳು. ಬೇಳೆ ಬುಸ್ಸೆಂದು ಉಕ್ಕಿತು.

“ಅದೇನಕ್ಕಾ?”

“ಅಡುಗೆ ಸೋಡಾ ಕಣೇ. ಬೋರ್ ನೀರು ಇದು, ಸೋಡಾ ಆಕ್ದಿದ್ರೆ ಬೇಳೆ ಸಂಕ್ರಾಂತಿಗೂ ಬೇಯಲ್ಲ.”

ನಮ್ಮ ಕಡೆ ಇದು ಎಲ್ಲ ಮನೆಯಲ್ಲೂ ಇರುವುದೇ. ಗಡಸು ನೀರಿನಲ್ಲಿ ಬೇಳೆ ಕಲ್ಲಿನ ಹಾಗೆ ಕೂರುತ್ತದೆ, ಚಿಟಿಕೆ ಸೋಡಾ ಹಾಕುತ್ತೇವೆ. ಆದರೆ ಅಕ್ಕನ ಚಿಟಿಕೆ ಕಣ್ಣು ಮಂಜಾದಂತೆಲ್ಲ ಬೆಳೆದು ಹಿಡಿಯಾಗಿತ್ತು. ಊಟವಾದ ಮೇಲೆ ಹೊಟ್ಟೆ ಉರಿ ಎಂದು ಅದೇ ಸೋಡಾವನ್ನು ಲೋಟದ ನೀರಿಗೂ ಕಲಸಿ ಕುಡಿದಳು. ನನಗೇನನ್ನಿಸಿತೋ, ನಿಮ್ಮ ಹಾಗೆ ಡಬ್ಬದೊಳಗಿನ ಸೋಡಾ ಪೊಟ್ಟಣ ತಿರುಗಿಸಿದೆ. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿದರೆ, ಸೋಡಿಯಂ ಬೈಕಾರ್ಬನೇಟ್. ಚಿಪ್ಸ್ ಪೊಟ್ಟಣದ ಮೇಲೆ ತನು ತೋರಿಸುತ್ತಿದ್ದ ಅದೇ ಸೋಡಿಯಂ! ಅವತ್ತು ನಾನು ಫೋನು ಮಾಡಿದ್ದು ಅದಕ್ಕೇ. “ಅಜ್ಜಿ, ಬಿಪಿಯವರು ಲೆಕ್ಕ ಇಡಬೇಕಾದ್ದು ಸೋಡಿಯಂ. ಉಪ್ಪು ಅದು ಬರೋ ಒಂದು ದಾರಿ ಅಷ್ಟೇ” ಎಂದಳು ತನು. ಅಂದರೆ ಉಪ್ಪೆಂಬ ಒಂದು ಬಸ್ಸು ನಿಲ್ಲಿಸಿ ನಾವು ನೆಮ್ಮದಿಯಾಗಿ ಕೂತಿದ್ದೆವು. ಬೇಡದ ನೆಂಟರು ಸೋಡಾ ಎಂಬ ಇನ್ನೊಂದು ಬಸ್ಸಿನಲ್ಲಿ ಬಂದು ಇಳಿಯುತ್ತಲೇ ಇದ್ದರು.

ಅಕ್ಕನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಾಯಿ ಬಿಡಲು ನನಗಾದ ಸಂಕಟ ದೇವರಿಗೇ ಗೊತ್ತು. ಸೆರಗಿನ ತುದಿ ತಿರುಚಿ ತಿರುಚಿ ಕೊನೆಗೂ ಹೇಳಿದೆ. ನರ್ಸಮ್ಮ ಕೆ.ಜಿ.ಎಫ್. ಹುಡುಗಿ, ಅಜ್ಜಿಯರನ್ನೆಲ್ಲ ತಮಿಳಿನಲ್ಲಿ ‘ಪಾಟಿ’ ಎನ್ನುವವಳು. “ಅಯ್ಯೋ ಪಾಟಿ, ಒಳ್ಳೇದಾಯ್ತು ಹೇಳಿದ್ದು. ಮಾತ್ರೆ ಮಾತ್ರ ಬಿಡ್ಬೇಡಿ. ಸೋಡಾ ನಿಲ್ಸಿ, ಹೊಟ್ಟೆ ಉರಿಗೆ ಡಾಕ್ಟರ್ ಬೇರೆ ಔಷಧಿ ಕೊಡ್ತಾರೆ” ಎಂದು ಒಳಗೆ ಕರೆದುಕೊಂಡು ಹೋದಳು.

ಸೋಡಾ ನಿಲ್ಲಿಸುವುದು ಸರಿ, ಬೇಳೆ ಬೇಯಬೇಕಲ್ಲ? ಊರ ಮುಂದೆ ಫಿಲ್ಟರ್ ನೀರಿನ ಘಟಕವಿದೆ. ಆ ನೀರು ಮೆದು. ಮರುದಿನ ಬೇಳೆ ನೆನೆಹಾಕಿ, ಕುಡಿಯುವ ಕ್ಯಾನು ಬಗ್ಗಿಸಿ ಪಾತ್ರೆಗೆ ಸುರಿದೆ. ಸದ್ದಿಗೇ ಅಕ್ಕನಿಗೆ ಗೊತ್ತಾಯಿತು.

“ಲೇ ಪಾಪಮ್ಮಾ! ಕುಡಿಯೋ ನೀರ್ನ ಬೇಳೆಗೆ ಉಯ್ತೀಯಾ? ಕೆ.ಜಿ.ಎಫ್. ಸೇರಿ ದೊಡ್ ದೊರೆಸಾನಿ ಆಗ್ಬುಟ್ಯಾ?”

“ಬೇಳೆ ಕಟ್ಟನ್ನೂ ಕುಡಿಯೋದೇ ಅಲ್ವಾ ಅಕ್ಕಾ?” ಎಂದೆ. ಅಕ್ಕನಿಗೆ ನಾನು ಎದುರಾಡಿದ್ದು ಬಹುಶಃ ಅದೇ ಮೊದಲು.

ಬೇಳೆ ಬೆಣ್ಣೆಯಂತೆ ಬೆಂದಿತು. ಹುಣಸೆಹುಳಿಯನ್ನು ಬೆಂದ ಮೇಲೆ ಬಿಟ್ಟೆ, ಉಪ್ಪಿಲ್ಲದ ಕೊರತೆಗೆ ಬೆಳ್ಳುಳ್ಳಿ ಒಗ್ಗರಣೆ ಜೋರು ಮಾಡಿದೆ. ಅಕ್ಕ ಎರಡನೇ ಸಲ ಹಾಕಿಸಿಕೊಂಡು, “ಬೇಳೆ ನಮ್ಮೊಲದ್ದಲ್ವಾ, ಚೆನ್ನಾಗೇ ಇರ್ತದೆ” ಎಂದಳು. ನೀರಿಗೂ ಮಾರ್ಕು ಕೊಡಲಿಲ್ಲ, ನನಗೂ ಕೊಡಲಿಲ್ಲ.

ಬಿಪಿ ನಿಧಾನಕ್ಕೆ ಇಳಿಯಿತು. ಎಲ್ಲವೂ ಸೋಡಾ ಬಿಟ್ಟದ್ದರಿಂದಲೇ ಎಂದು ನಾನು ಹೇಳುವುದಿಲ್ಲ, ಮಾತ್ರೆಯ ಪಾಲೂ ಇದ್ದೀತು. ಅಂತೂ ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎದುರಿಗಿದ್ದವಳು ನಾನು. ಅಕ್ಕ ರೆಪ್ಪೆ ಬಡಿದು ನೋಡಿದಳು, ನೋಡಿದಳು.

“ಲೇ, ನೀನ್ಯಾವಾಗ್ಲೇ ಇಷ್ಟ್ ಮುದುಕಿ ಆದೆ?”

ವಾರ್ಡಿಗೆ ವಾರ್ಡೇ ನಕ್ಕಿತು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ, ನಗು ಮುಚ್ಚಲೋ ಕಣ್ಣೊರೆಸಲೋ ತಿಳಿಯದು. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಪಾನಿಪುರಿ ಗಾಡಿ ಸಿಕ್ಕಿತು. ನಮ್ಮ ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ, ಬಾವಿ ನೀರಿನಷ್ಟು ತಿಳಿ. ಅಕ್ಕ ಗಾಬರಿಯಾದಳು: “ಬರೀ ನೀರು ಕಾಣ್ತದಲ್ಲೇ! ಕಣ್ಣು ಇನ್ನಾ ಸರಿಯಾಗಿಲ್ವಾ?” ಪೊಟ್ಟಣವನ್ನೆಲ್ಲ ಜಾಲಾಡುವ ನನ್ನ ಮೊಮ್ಮಕ್ಕಳು ಲೇಬಲ್ಲೇ ಇಲ್ಲದ ಆ ನೀರನ್ನು ಪ್ಲೇಟಿನ ಮೇಲೆ ಪ್ಲೇಟು ಇಳಿಸುತ್ತಾರೆಂದು ನಾನು ಅವಳಿಗೆ ಹೇಳಲಿಲ್ಲ.

ಹಸು ಕೊಟ್ಟಿಗೆಯಲ್ಲೇ ಉಳಿಯಿತು. ಇಷ್ಟೆಲ್ಲ ಆದ ಮೇಲೆ ನನಗೆ ಅನ್ನಿಸಿದ್ದಿಷ್ಟು, ಮಕ್ಕಳೇ. ಉದ್ದ ಹೆಸರಿನ ಪದಾರ್ಥವನ್ನು ಕಂಡು ಹೆದರುವುದೂ ಬೇಡ, ಕೈಗೆ ಪಳಗಿದ ಡಬ್ಬವನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ಎಷ್ಟು, ಮತ್ತು ಯಾರ ಹೊಟ್ಟೆಗೆ ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ತಿಳಿದಂತೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ಅಟ್ಟವೋ ಬೀರುವೋ, ನಿಮ್ಮ ದೊಡ್ಡಜ್ಜಿಯ ಕೈಗೆ ಎಟುಕದ ಕಡೆ ಇಡಿ. ಇನ್ನೊಂದು ಕಣ್ಣಿನದೂ ಮೊನ್ನೆ ಮುಗಿಯಿತು. ಬಸ್ಸಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಮುಂದಿನ ವಾರ ನಮ್ಮನೆಗೆ ಬರುತ್ತಿದ್ದಾಳೆ.